ಹಾಡು ಹೊರಬಂದ ವರ್ಷ ಯಾವುದು?

ಭಾಲ್ಕಿಯ ಓದುಗರೇ,

ಬೀದರಿನ ಕಾಲೇಜಿನ ಸ್ಮರಣ ಸಂಚಿಕೆಗೆ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಬಗ್ಗೆ ಬರೆಯುತ್ತಿದ್ದೀರಿ, ಅವರ ‘ಅಂತರಾಗ್ನಿ’ ಆಲ್ಬಂ ಯಾವ ವರ್ಷದ್ದು ಎಂದು ಔರಾದಿನ ಗೆಳೆಯರೊಂದಿಗೆ ವಾದ ನಡೆದಿದೆ. ನಿಮ್ಮ ಮಾತೇ ಸರಿ. ಆಲ್ಬಂ 2008ರದು. ಗೆಳೆಯರು ಹೇಳುವ 2005 ತಂಡ ಶುರುವಾದ ವರ್ಷ. ರಘು ಅವರ ಹಿಂದಿನ ತಂಡದ ಹೆಸರೂ ಅಂತರಾಗ್ನಿಯೇ ಆಗಿದ್ದರಿಂದ ಗೊಂದಲ ಸಹಜ.

ಮೊಬೈಲ್ ಆ್ಯಪ್ ತೋರಿಸುವ ತಾರೀಖನ್ನಷ್ಟೇ ನಂಬಬೇಡಿ. ಹಳೆಯ ಆಲ್ಬಂ ಮತ್ತೆ ಏರಿಸಿದ ದಿನವೂ ಅಲ್ಲಿ ಬಿಡುಗಡೆಯ ದಿನವಾಗಿ ಕಾಣಿಸಬಹುದು. ಸಿ.ಡಿ. ಸಿಕ್ಕರೆ ಹೊದಿಕೆಯ ಹಿಂಬದಿ ನೋಡಿ. ವೃತ್ತದೊಳಗಿನ ‘ಪಿ’ ಅಕ್ಷರದ ಪಕ್ಕದಲ್ಲಿರುವುದು ಧ್ವನಿಮುದ್ರಣ ಮೊದಲು ಪ್ರಕಟವಾದ ವರ್ಷ. ಇದು ಕಂಪನಿಯ ಇಷ್ಟಕ್ಕೆ ಬಿಟ್ಟದ್ದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ಎ ಕಲಂ ಪ್ರಕಾರ ಮೊದಲ ಪ್ರಕಟಣೆಯ ವರ್ಷ ನಮೂದಿಸಲೇಬೇಕು. ಧ್ವನಿಮುದ್ರಣವನ್ನು ಗುರುತಿಸುವ ಐ.ಎಸ್.ಆರ್.ಸಿ. ಎಂಬ 12 ಅಕ್ಷರಗಳ ಸಂಕೇತದಲ್ಲೂ 6 ಮತ್ತು 7ನೆಯ ಸ್ಥಾನದಲ್ಲಿ ವರ್ಷವಿದೆ, ಆದರೆ ಅದು ಸಂಕೇತ ಕೊಟ್ಟ ವರ್ಷ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಆ ಆಲ್ಬಮ್ಮಿನ ‘ಗುಡುಗುಡಿಯ’ ಹಾಡು ಶಿಶುನಾಳ ಶರೀಫರ ತತ್ವಪದ. ಶರೀಫರು ತೀರಿಕೊಂಡದ್ದು 1889ರಲ್ಲಿ. ಪದ ಹುಟ್ಟಿದ ಕಾಲ ಬೇರೆ, ಧ್ವನಿಮುದ್ರಣದ ಕಾಲ ಬೇರೆ. ಎರಡನ್ನೂ ಬಿಡಿಸಿ ಬರೆಯಿರಿ, ಶರೀಫರ ಹೆಸರು ಬಿಡಬೇಡಿ.

ಮುಂದಿನ ಆಲ್ಬಂ ‘ಜಗ್ ಚಂಗಾ’ 2013ರದು. ದಿನ, ತಿಂಗಳು ಎರಡು ಕಡೆ ತಾಳೆಯಾಗದಿದ್ದರೆ ದಯವಿಟ್ಟು ವರ್ಷವನ್ನಷ್ಟೇ ಅಚ್ಚು ಹಾಕಿಸಿ.