ಮೋಟಾರು ಗಾಡಿಯ ಬ್ರೇಕ್ ಪ್ಯಾಡುಗಳನ್ನು ಬದಲಾಯಿಸುವ ಕ್ರಮ

ಶೆಟ್ಟಿಕೆರೆಯ ಸುತ್ತಮುತ್ತಲಿನ ಜಮೀನುದಾರರಲ್ಲಿ ಅನೇಕರು ಉಂಡೆ ಕೊಬ್ಬರಿಯನ್ನು ಸ್ವಂತ ಗಾಡಿಯಲ್ಲಿಯೇ ತಿಪಟೂರಿನ ಮಾರುಕಟ್ಟೆಗೆ ಸಾಗಿಸುತ್ತಾರೆ. ನೇಗಿಲಿನ ಗುಳ ಸವೆದರೆ ಉಳುಮೆ ಕೆಡುವುದು. ಬ್ರೇಕ್ ಪ್ಯಾಡು ಸವೆದರೆ ಪ್ರಾಣಕ್ಕೇ ಅಪಾಯ. ಆದಕಾರಣ ಗಾಡಿಯುಳ್ಳವರು ಈ ಕೆಲಸವನ್ನು ತಿಳಿದಿರತಕ್ಕದ್ದು.

ರಚನೆ:— ಮುಂದಿನ ಚಕ್ರದೊಡನೆ ತಿರುಗುವ ಕಬ್ಬಿಣದ ಬಿಲ್ಲೆಗೆ ಡಿಸ್ಕ್ ಎಂದು ಹೆಸರು. ಬೈಸಿಕಲ್ಲಿನ ಬ್ರೇಕ್ ರಬ್ಬರುಗಳು ರಿಮ್ಮನ್ನು ಹಿಡಿಯುವಂತೆ, ಎರಡು ಪ್ಯಾಡುಗಳು ಇದನ್ನು ಎರಡು ಪಕ್ಕಗಳಿಂದಲೂ ಒತ್ತಿ ಹಿಡಿಯುವುವು. ಅವುಗಳನ್ನು ಒತ್ತುವ ಭಾಗವೇ ಕ್ಯಾಲಿಪರ್.

ಸವೆತದ ಗುರುತು:— ಬ್ರೇಕ್ ಒತ್ತಿದಾಗ ಕಿರುಗುಟ್ಟುವುದು ಮೊದಲ ಎಚ್ಚರಿಕೆ. ಪ್ಯಾಡಿನ ಉಜ್ಜುವ ಭಾಗವು 3 ಮಿಲಿಮೀಟರಿಗೆ ಇಳಿದರೆ ತಡಮಾಡಕೂಡದು. ಪೂರ್ತಿ ಸವೆದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಡಿಸ್ಕೂ ಹಾಳಾಗಿ ಖರ್ಚು ಹೆಚ್ಚುವುದು.

ಕೆಲಸದ ಕ್ರಮ:—

1. ಗಾಡಿಯನ್ನು ಸಮನಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಕೈಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಡಿ.

2. ಚಕ್ರದ ನಟ್ಟುಗಳನ್ನು ಸಡಿಲಿಸಿದ ಮೇಲೆ ಜಾಕ್ ಏರಿಸಿ, ಕೆಳಗೆ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ. ಜಾಕನ್ನಾಗಲಿ ಇಟ್ಟಿಗೆಯನ್ನಾಗಲಿ ನಂಬಿ ಗಾಡಿಯ ಕೆಳಗೆ ಹೋಗಕೂಡದು.

3. ಚಕ್ರ ಕಳಚಿ, ಕ್ಯಾಲಿಪರಿನ ಬೋಲ್ಟು ಬಿಚ್ಚಿ ಮೇಲಕ್ಕೆತ್ತಿ. ಅದನ್ನು ರಬ್ಬರು ನಳಿಕೆಯ ಮೇಲೆ ಜೋತುಬೀಳಲು ಬಿಡಬೇಡಿ, ತಂತಿಯಿಂದ ಕಟ್ಟಿರಿ.

4. ಬ್ರೇಕ್ ಆಯಿಲ್ ಡಬ್ಬಿ ಉಕ್ಕದಂತೆ ನೋಡಿಕೊಳ್ಳುತ್ತ, ಪಿಸ್ಟನ್ನನ್ನು ಮೆಲ್ಲನೆ ಒಳಕ್ಕೆ ಒತ್ತಿ ಹೊಸ ಪ್ಯಾಡು ಕೂರಿಸಿ. ಎಡಬಲ ಚಕ್ರಗಳೆರಡಕ್ಕೂ ಒಟ್ಟಿಗೇ ಬದಲಾಯಿಸತಕ್ಕದ್ದು.

5. ಬೋಲ್ಟು ಬಿಗಿದು ಚಕ್ರ ಜೋಡಿಸಿ, ಗಾಡಿ ಇಳಿಸಿದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ.

ಎಚ್ಚರಿಕೆ:— ಕೊಬ್ಬರಿ ಮುಟ್ಟಿದ ಎಣ್ಣೆಗೈಯಿಂದ ಪ್ಯಾಡಿನ ಮುಖವನ್ನು ಮುಟ್ಟಕೂಡದು. ಜಿಡ್ಡು ತಾಗಿದರೆ ಹಿಡಿತ ತಪ್ಪುವುದು. ಬ್ರೇಕಿನ ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿರಿ. ಡಿಸ್ಕಿನಲ್ಲಿ ಬಿರುಕಾಗಲಿ ಆಳವಾದ ಗೀರಾಗಲಿ ಕಂಡರೆ, ಅಥವಾ ಆಯಿಲ್ ಸೋರುತ್ತಿದ್ದರೆ, ಮೆಕ್ಯಾನಿಕನಿಗೆ ಒಪ್ಪಿಸುವುದೇ ಸರಿ.

ಎಲ್ಲಕ್ಕಿಂತ ಮುಖ್ಯವಾದುದೊಂದು. ಪಿಸ್ಟನ್ ಹಿಂದೆ ಸರಿದಿರುವ ಕಾರಣ, ಕೆಲಸ ಮುಗಿದೊಡನೆ ಪೆಡಲ್ ಒತ್ತಿದರೆ ಅದು ಬರಿದೇ ಕೆಳಕ್ಕಿಳಿಯುವುದು. ನಾನೇ ಒಮ್ಮೆ ಇದನ್ನು ಮರೆತು ಗಾಡಿ ಹೊರಡಿಸಲು, ಅದು ನಿಲ್ಲದೆ ಅಂಗಳದ ತೆಂಗಿನಕಾಯಿ ರಾಶಿಗೆ ನುಗ್ಗಿತು. ಅಲ್ಲಿ ಕಾಯಿ ಸುಲಿಯುವವರು ಆಗತಾನೆ ಊಟಕ್ಕೆ ಎದ್ದಿದ್ದರು. ಆದ್ದರಿಂದ ಪೆಡಲ್ ಗಟ್ಟಿಯಾಗುವವರೆಗೂ ಪದೇ ಪದೇ ಒತ್ತಿ, ಆಯಿಲಿನ ಮಟ್ಟ ನೋಡಿ, ಹೇರಿಲ್ಲದ ಗಾಡಿಯನ್ನು ಮೆಲ್ಲಗೆ ಓಡಿಸಿ ಪರೀಕ್ಷಿಸತಕ್ಕದ್ದು.

ಗ್ರಾಮದ ಮುಖಂಡರು ಈ ವಿಷಯವನ್ನು ತಮ್ಮ ಊರಿನ ಗಾಡಿ ಮಾಲೀಕರಿಗೂ ಚಾಲಕರಿಗೂ ತಿಳಿಯಹೇಳಬೇಕಾಗಿ ಕೋರುತ್ತೇನೆ.