ಪ್ಯಾನೆಲ್ ಹಿಂದಿನ ವೈರು: ಗಂಟು ಹಾಕುವ ಮೊದಲು

ಅಮೆರಿಕದಲ್ಲಿ ವಿಮಾನವನ್ನು ಮನೆಯ ಗ್ಯಾರೇಜಿನಲ್ಲೇ ಕಟ್ಟಿಕೊಳ್ಳುವವರಿದ್ದಾರೆ. ನಿರ್ಮಾಣದ ಅರ್ಧಕ್ಕಿಂತ ಹೆಚ್ಚು ಪಾಲು ಹವ್ಯಾಸಿಗಳದೇ ಆಗಿದ್ದರೆ ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಅದನ್ನು ‘ಎಕ್ಸ್‌ಪೆರಿಮೆಂಟಲ್’ ವರ್ಗಕ್ಕೆ ಸೇರಿಸಿ ಹಾರಲು ಬಿಡುತ್ತದೆ. ರೆಕ್ಕೆಗೆ ರಿವೆಟ್ ಹೊಡೆಯುವಾಗ ಇದ್ದ ತಾಳ್ಮೆ, ಮೀಟರುಗಳ ಪ್ಯಾನೆಲ್ ಹಿಂದೆ ಕೈ ಹಾಕುವ ಹೊತ್ತಿಗೆ ಕರಗುವುದುಂಟು. ಆ ಇಕ್ಕಟ್ಟಿನ ಜಾಗದಲ್ಲಿ ವೈರಿಗೆ ಎರಡು ತದ್ವಿರುದ್ಧ ಕೆಲಸಗಳಿವೆ. ಎಂಜಿನ್ ನಡುಗಿದಾಗ ಅದು ಯಾವುದಕ್ಕೂ ಉಜ್ಜಬಾರದು. ರೇಡಿಯೋ ಕೆಟ್ಟಾಗ ಅದರ ಜೊತೆ ಸಲೀಸಾಗಿ ಹೊರಗೂ ಬರಬೇಕು. ನೋಡಲು ಚೆಂದವೆಂದು ಎಲ್ಲವನ್ನೂ ಸೇರಿಸಿ ಬಿಗಿದರೆ ಎರಡನೆಯದು ಕೈತಪ್ಪುತ್ತದೆ. ಆದ್ದರಿಂದ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ಮೊದಲು ತೀರ್ಮಾನಿಸಿ, ಗಂಟನ್ನು ಕೊನೆಗೆ ಹಾಕಬೇಕು.

ಕೆಲಸ ಶುರುವಾಗುವುದು ಕಾಗದದ ಮೇಲೆ. ಪ್ರತಿ ಉಪಕರಣಕ್ಕೆ ಎಷ್ಟು ಆಂಪಿಯರ್ ಬೇಕು, ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನಕ್ಷೆ ಬರೆದು ಪ್ರತಿ ವೈರಿಗೂ ಒಂದು ಸಂಖ್ಯೆ ಕೊಡಿ. ಆ ಸಂಖ್ಯೆಯ ಲೇಬಲ್ ವೈರಿನ ಎರಡೂ ತುದಿಯಲ್ಲಿರಲಿ. ಫ್ಯೂಸ್ ಅಥವಾ ಬ್ರೇಕರ್ ಇರುವುದು ಉಪಕರಣ ಕಾಯಲು ಎಂದು ಹಲವರ ನಂಬಿಕೆ. ಅದು ಕಾಯುವುದು ವೈರನ್ನು. 22 ಗೇಜಿನ ತೆಳು ವೈರಿಗೆ 5 ಆಂಪಿಯರ್, ಅದಕ್ಕಿಂತ ದಪ್ಪನೆಯ 18 ಗೇಜಿನದಕ್ಕೆ 10 ಆಂಪಿಯರ್ ಬ್ರೇಕರ್ ಸಾಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪಿವಿಸಿ ವೈರು ಬೇಡ, ಅದು ಸುಟ್ಟರೆ ವಿಷದ ಹೊಗೆ ಕಾಕ್‌ಪಿಟ್ ತುಂಬುತ್ತದೆ. 150 ಡಿಗ್ರಿ ಸೆಲ್ಸಿಯಸ್ ತಡೆಯುವ ಟೆಫ್ಜೆಲ್ ಹೊದಿಕೆಯ ವೈರೇ ಇದಕ್ಕೆ ಸರಿ.

ಸರಿಯಾದ ಬ್ರೇಕರ್ ಹಾಕಿದ ಮೇಲೆ ವೈರು ಹೇಗೆ ಬಿದ್ದಿದ್ದರೇನು ಎಂಬ ವಾದವಿದೆ. ಅದಕ್ಕೆ ಉತ್ತರ ಒಂದು ಅಪಘಾತದಲ್ಲಿದೆ. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ 111 ವಿಮಾನ ಕೆನಡಾದ ಕರಾವಳಿಯಾಚೆ ಸಮುದ್ರಕ್ಕೆ ಬಿದ್ದು 229 ಮಂದಿ ಸತ್ತರು. ಕಾಕ್‌ಪಿಟ್ ಬಳಿಯ ಛಾವಣಿಯಲ್ಲಿ ವೈರಿನಿಂದ ಹಾರಿದ ಕಿಡಿ ಅಲ್ಲಿನ ಹೊದಿಕೆಗೆ ತಗುಲಿರಬೇಕೆಂದು ತನಿಖೆ ಕಂಡುಕೊಂಡಿತು. ಇಂಥ ಕಿಡಿಗಳನ್ನೆಲ್ಲ ತಡೆಯುವ ಶಕ್ತಿ ಸಾಮಾನ್ಯ ಬ್ರೇಕರಿಗೆ ಇಲ್ಲವೆಂದೂ ಅದು ಹೇಳಿತು. ಅದು ದೊಡ್ಡ ಜೆಟ್, ನಮ್ಮದು 12 ವೋಲ್ಟಿನ ಪುಟ್ಟ ಯಂತ್ರ ಎನ್ನಬಹುದು. ಕಡಿಮೆ ವೋಲ್ಟೇಜಿನಲ್ಲಿ ಕಿಡಿ ಉಳಿಯುವುದು ಕಷ್ಟ, ನಿಜ. ಆದರೆ ಬ್ಯಾಟರಿಯಿಂದ ಬರುವ ದಪ್ಪ ವೈರಿನ ಹೊದಿಕೆ ತಗಡಿನ ಅಂಚಿಗೆ ಉಜ್ಜಿ ಹರಿದರೆ ನೂರಾರು ಆಂಪಿಯರ್ ಒಮ್ಮೆಲೇ ಹರಿಯುತ್ತದೆ. ಎಷ್ಟೋ ವಿಮಾನಗಳಲ್ಲಿ ಆ ವೈರಿಗೆ ಫ್ಯೂಸೇ ಇರುವುದಿಲ್ಲ. ತಗಡಿನ ಪ್ರತಿ ತೂತಿಗೂ ಅಂಚು ಮುಚ್ಚುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್, ಬೇಕೆನ್ನುವುದು ಇದಕ್ಕೇ.

ಮುಂದಿನ ಹೆಜ್ಜೆ ದಾರಿ ಗುರುತಿಸುವುದು. ಎಫ್‌ಎಎಯ ಎಸಿ 43.13-1ಬಿ ಕೈಪಿಡಿಯ ಪ್ರಕಾರ ಎರಡು ಕ್ಲ್ಯಾಂಪುಗಳ ನಡುವೆ 24 ಇಂಚಿಗಿಂತ ಹೆಚ್ಚು ಅಂತರ ಸಲ್ಲದು. ಕೈಯಲ್ಲಿ ಒತ್ತಿದರೆ ವೈರಿನ ಕಟ್ಟು ಅರ್ಧ ಇಂಚಿಗಿಂತ ಹೆಚ್ಚು ಬಾಗಬಾರದು. ತಿರುವಿನ ತ್ರಿಜ್ಯ ಕಟ್ಟಿನಲ್ಲಿರುವ ಅತಿ ದಪ್ಪ ವೈರಿನ ವ್ಯಾಸದ 10 ಪಟ್ಟಾದರೂ ಇರಲಿ. ಪ್ಯಾನೆಲ್ ಹಿಂದೆ ತಿರುವುಗಳೇ ಹೆಚ್ಚಾದ್ದರಿಂದ ಕ್ಲ್ಯಾಂಪುಗಳೂ ಹತ್ತಿರ ಬರುತ್ತವೆ. ಕ್ಲ್ಯಾಂಪ್ ರಬ್ಬರ್ ಮೆತ್ತೆಯದಾಗಿರಲಿ. ಆಂಟೆನಾದ ಕೇಬಲನ್ನು ಬೇರೆ ಕಟ್ಟಾಗಿ ಒಯ್ಯಿರಿ. ಪ್ಯಾನೆಲಿನಲ್ಲಿ ಮಾಹಿತಿ ತೋರಿಸುವ ಎರಡು ಪರದೆಗಳಿದ್ದರೆ ಎರಡರ ವಿದ್ಯುತ್ತೂ ಒಂದೇ ಕನೆಕ್ಟರಿನಲ್ಲಿ ಬೇಡ, ಒಂದು ಸತ್ತಾಗ ಇನ್ನೊಂದು ಉಳಿಯಲೆಂದೇ ತಾನೆ ಎರಡು ಇಟ್ಟದ್ದು!

ಈಗ ಕಟ್ಟುವ ಸರದಿ. ಪ್ಲಾಸ್ಟಿಕ್ ಟೈ ಬೇಗ ಮುಗಿಯುತ್ತದೆ, ಮೇಣದ ದಾರ ಬೇಸರದ ಕೆಲಸ. ಆದರೂ ದಾರವೇ ವಾಸಿ. ಟೈಯ ಗಟ್ಟಿ ಅಂಚು ವೈರಿನ ಹೊದಿಕೆಯನ್ನು ಕಚ್ಚುತ್ತದೆ, ಕತ್ತರಿಸಿದ ಬಾಲ ರಿಪೇರಿಗೆ ಇಳಿದ ಕೈಯನ್ನು ಗೀರುತ್ತದೆ. ದಾರದ ಗಂಟಿಗೆ ಅಂಚೇ ಇಲ್ಲ. ಮಾಲೆ ಕಟ್ಟಿ ಗೊತ್ತಿರುವ ಕೈಗೆ ಇದು ಬೇಗ ಒಲಿಯುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಪ್ರತಿ ಗಂಟನ್ನೂ ಬೇರೆಬೇರೆ ಹಾಕಬೇಕು, ಆಗ ಒಂದು ಬಿಚ್ಚಿದರೂ ಉಳಿದವು ನಿಲ್ಲುತ್ತವೆ. ವೈರಿನ ತುದಿಗಳಿಗೆ ಬೆಸುಗೆಗಿಂತ ಕ್ರಿಂಪ್, ಅಂದರೆ ಲೋಹದ ಕೊಳವೆಯನ್ನು ಅದುಮಿ ಕೂರಿಸುವುದು, ಮೇಲು. ಬೆಸುಗೆಯೇ ಗಟ್ಟಿಯಲ್ಲವೇ ಎಂದರೆ, ತೊಂದರೆ ಇರುವುದು ಆ ಗಟ್ಟಿತನದಲ್ಲೇ: ಸೀಸ ಎಳೆಗಳೊಳಗೆ ಇಳಿದು ನಿಂತ ಕಡೆ ವೈರು ಕಡ್ಡಿಯಾಗುತ್ತದೆ, ನಡುಕಕ್ಕೆ ಅಲ್ಲೇ ಮುರಿಯುತ್ತದೆ.

ಪ್ರತಿ ಉಪಕರಣದ ಪೆಟ್ಟಿಗೆಯ ಹಿಂದೆ, ಅದನ್ನು ಮುಂದೆಳೆದು ಕನೆಕ್ಟರ್ ಬಿಚ್ಚುವಷ್ಟು ಸಡಿಲ ಬಿಡಿ. ಆ ಹೆಚ್ಚುವರಿ ಉದ್ದವೂ ಜೋತಾಡಬಾರದು, ಸುಲಭವಾಗಿ ಬಿಚ್ಚುವ ಒಂದು ಗಂಟಿನಲ್ಲಿ ಮಲಗಿರಲಿ. ಎಲ್ಲ ಮುಗಿದ ಮೇಲೆ ಕಂಟ್ರೋಲ್ ಸ್ಟಿಕ್ಕನ್ನು ನಾಲ್ಕೂ ದಿಕ್ಕಿಗೆ ಕೊನೆತನಕ ತಳ್ಳಿ, ಪೆಡಲುಗಳನ್ನು ಪೂರ್ತಿ ಒತ್ತಿ, ಟಾರ್ಚ್ ಹಿಡಿದು ನೋಡಿ: ಚಲಿಸುವ ಯಾವ ಭಾಗದ ಹತ್ತಿರವೂ ವೈರು ಸುಳಿಯಬಾರದು. ಆಮೇಲೆ ರೇಡಿಯೋ ಒಂದನ್ನು ಹೊರತೆಗೆದು ಮತ್ತೆ ಕೂರಿಸಿ. ಕನೆಕ್ಟರಿಗೆ ಬೆರಳು ಎಟುಕದಿದ್ದರೆ ಗಂಟು ಕತ್ತರಿಸಿ ಮತ್ತೆ ಕಟ್ಟಿ, ಹೊಸ ದಾರಿಯನ್ನು ನಕ್ಷೆಯಲ್ಲಿ ತಿದ್ದಿ.