ಮತ್ತೆ ವಿದ್ಯಾರ್ಥಿಯಾಗಿ: ಸಂಶೋಧನೆಯ ಮೊದಲ ಪಾಠ

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಈ ಕಾಲೇಜಿನ ಇತಿಹಾಸ ಎಂ.ಎ. ತರಗತಿಗೆ ನಾನು ಕಾಲಿಟ್ಟ ದಿನ ಕಿರಿಯ ಮಿತ್ರರೆಲ್ಲ ಎದ್ದು ನಿಂತು ನಮಸ್ಕರಿಸಿದರು. ನನ್ನನ್ನು ಅಧ್ಯಾಪಕನೆಂದು ಬಗೆದಿದ್ದರು. ಅವರ ಊಹೆ ಅರ್ಧ ನಿಜ. ಹದಿನೆಂಟು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದವನು ನಾನು. ಕಲಿಸಿ ರೂಢಿಯಾದವನಿಗೆ ಕಲಿಯುವುದು ಎಷ್ಟು ಕಷ್ಟವೆಂಬುದನ್ನು ತೋರಿಸಿಕೊಟ್ಟ ಒಂದು ಸಣ್ಣ ಪ್ರಸಂಗವನ್ನು ಇಲ್ಲಿ ನಿವೇದಿಸುತ್ತೇನೆ. ಸಂಶೋಧನೆಗೆ ತೊಡಗಲಿರುವವರಿಗೆ ಇದರಿಂದ ಕಿಂಚಿತ್ತಾದರೂ ಪ್ರಯೋಜನವಾದೀತು.

ನಮ್ಮೂರ ದೇವಸ್ಥಾನದ ಮುಂದೆ ಒಂದು ದಾನಶಾಸನವಿದೆ. ವಿಜಯನಗರದ ಸದಾಶಿವರಾಯನ ಹೆಸರು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದನ್ನು ನಾನೇ ಓದಿ, ಶಕವರ್ಷ 1473 ಎಂದು ತಿಳಿದು, 78 ಕೂಡಿಸಿ, ಕ್ರಿ.ಶ. 1551 ಎಂದು ಫಲಕ ಬರೆಸಿದ್ದೆ. ಅಂದಿನಿಂದ ಊರಿನ ಪ್ರತಿಯೊಂದು ಮಗುವೂ ಆ ಇಸವಿಯನ್ನು ಬಾಯಿಪಾಠ ಮಾಡಿದೆ. ಎಂ.ಎ. ಪ್ರಬಂಧಕ್ಕೂ ಇದೇ ಶಾಸನವನ್ನು ಆರಿಸಿಕೊಂಡೆ. ಅರ್ಧ ಕೆಲಸ ಮುಗಿದೇ ಇದೆ ಎಂಬ ಧೈರ್ಯ ನನಗೆ!

ನಮ್ಮ ಮಾರ್ಗದರ್ಶಕರು ನನಗಿಂತ ಹತ್ತು ವರ್ಷ ಚಿಕ್ಕವರು. ನನ್ನ ಬರಹವನ್ನು ಓದಿ, “ಮೇಷ್ಟ್ರೇ, ಸಂವತ್ಸರದ ಹೆಸರೇನಿದೆ?” ಎಂದು ಕೇಳಿದರು.

“ಆನಂದ ಸಂವತ್ಸರ, ಮೇಡಂ.”

“ಲೆಕ್ಕ ಹಾಕಿ ನೋಡಿದಿರಾ?”

ನಾನು ನೋಡಿರಲಿಲ್ಲ. ನೋಡಬೇಕೆಂಬುದೂ ನನಗೆ ಗೊತ್ತಿರಲಿಲ್ಲ.

ಆ ಲೆಕ್ಕ ಬಹಳ ಸುಲಭ. ವಿಜಯನಗರ ಕಾಲದ ಶಾಸನಗಳಲ್ಲಿ ಸಾಮಾನ್ಯವಾಗಿ ಗತ ಶಕವರ್ಷವನ್ನು ಕೊಟ್ಟಿರುತ್ತಾರೆ. ಅದಕ್ಕೆ 12 ಕೂಡಿಸಿ 60ರಿಂದ ಭಾಗಿಸಬೇಕು. ಉಳಿದ ಶೇಷವೇ ಪ್ರಭವದಿಂದ ಎಣಿಸಿದಾಗ ಬರುವ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಅರವತ್ತನೆಯದಾದ ಅಕ್ಷಯ. ನನ್ನ 1473ಕ್ಕೆ 12 ಸೇರಿದರೆ 1485, ಶೇಷ 45. ನಲವತ್ತೈದನೆಯದು ವಿರೋಧಿಕೃತು. ಆನಂದವಾದರೋ ನಲವತ್ತೆಂಟನೆಯದು. ಒಂದು ವರ್ಷದ ಅಂತರವಾಗಿದ್ದರೆ, ಗತ ವರ್ಷದ ಬದಲು ವರ್ತಮಾನ ವರ್ಷವನ್ನು ಬರೆದಿದ್ದಾರೆಂದು ಸಮಾಧಾನ ಹೇಳಬಹುದಿತ್ತು. ಮೂರು ವರ್ಷಕ್ಕೆ ಆ ಸಮಾಧಾನ ಸಾಲದು. ತಪ್ಪು ಕಲ್ಲಿನದೋ ನನ್ನದೋ?

ನನಗೆ ಸಿಟ್ಟು ಬಂತೆಂಬುದನ್ನು ಮುಚ್ಚಿಡುವುದಿಲ್ಲ. “ಶಾಸನ ಕೆತ್ತಿದವನೇ ತಪ್ಪಿರಬೇಕು” ಎಂದುಬಿಟ್ಟೆ. ಅವರು ನಕ್ಕು, “ಇರಬಹುದು. ಆದರೆ ಮೊದಲು ನಮ್ಮ ಕಣ್ಣನ್ನು ಸಂಶಯಿಸೋಣ, ಆಮೇಲೆ ಕಲ್ಲನ್ನು” ಎಂದರು.

ಮುಂದಿನ ಭಾನುವಾರ ಮೂವರು ಸಹಪಾಠಿಗಳೊಡನೆ ಊರಿಗೆ ಹೋದೆವು. ಕಲ್ಲನ್ನು ನೀರಿನಿಂದ ಉಜ್ಜಿ ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಅಕ್ಷರಗಳ ಗುಳಿಗಳಿಗೆ ಕಾಗದ ಇಳಿಯುವಂತೆ ಬಿರುಸಾದ ಬ್ರಷ್ಷಿನಿಂದ ಬಡಿದೆವು. ಅರೆಬರೆ ಒಣಗಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ತಟ್ಟಿದಾಗ, ಕರಿಯ ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡಿದವು. ಕೊನೆಯ ಅಂಕಿಗೆ ಕೆಳಗೆ ಒಂದು ಸಣ್ಣ ಬಾಲವಿತ್ತು. ನಾನು ‘೩’ ಎಂದು ಓದಿದ್ದು ‘೬’ ಆಗಿತ್ತು! ಶಕವರ್ಷ 1476, 12 ಸೇರಿಸಿದರೆ 1488, ಶೇಷ 48, ಆನಂದ. ಕಲ್ಲು ತಪ್ಪಿರಲಿಲ್ಲ.

“ಹಾಗಾದರೆ 1554” ಎಂದು ಮರುದಿನ ಉತ್ಸಾಹದಿಂದ ವರದಿ ಒಪ್ಪಿಸಿದೆ. “ತಿಂಗಳು ಯಾವುದು?” ಎಂಬ ಪ್ರಶ್ನೆ ಬಂತು. ಮಾಘ ಬಹುಳ. ಶಕವರ್ಷ ಚೈತ್ರದಲ್ಲಿ ಮೊದಲಾಗುತ್ತದೆ. ಮಾಘ ಬರುವ ಹೊತ್ತಿಗೆ ಕ್ರಿಸ್ತವರ್ಷ ಬದಲಾಗಿರುತ್ತದೆ. ಅಲ್ಲಿ 78 ಅಲ್ಲ, 79 ಕೂಡಿಸಬೇಕು. ತಾಳಿಕೋಟೆಯ ಯುದ್ಧವೇ ಇದಕ್ಕೆ ನಿದರ್ಶನ. ಅದು ನಡೆದದ್ದು ಶಕ 1486, ರಕ್ತಾಕ್ಷಿ ಸಂವತ್ಸರದಲ್ಲಿ. ಬರಿದೇ 78 ಕೂಡಿಸಿದರೆ 1564 ಬರುತ್ತದೆ. ಆದರೆ ಅದು 1565ರ ಜನವರಿಯ ಘಟನೆ. ಆ ಇಸವಿಯನ್ನು ಹದಿನೆಂಟು ವರ್ಷ ಪಾಠ ಹೇಳಿದ್ದೆ. ಅದು ಹೇಗೆ ಬಂತೆಂದು ಒಮ್ಮೆಯೂ ಕೇಳಿರಲಿಲ್ಲ. ನಮ್ಮೂರ ಶಾಸನದ ಕಾಲ 1555.

ಶಾಸನಗಳ ಮಹಾಸಂಪುಟ ‘ಎಪಿಗ್ರಾಫಿಯ ಕರ್ನಾಟಿಕ’ವನ್ನು 1886ರಲ್ಲಿ ಆರಂಭಿಸಿದ ಬಿ. ಎಲ್. ರೈಸ್ ಅವರೂ ಶಿಕ್ಷಣ ಇಲಾಖೆಯಲ್ಲಿ ದುಡಿಯುತ್ತ ಶಾಸನಗಳ ಕಡೆಗೆ ತಿರುಗಿದವರು. ಮೇಷ್ಟರ ಕೆಲಸಕ್ಕೂ ಸಂಶೋಧನೆಗೂ ವಿರೋಧವಿಲ್ಲವೆಂದು ಇದರಿಂದ ಧೈರ್ಯ ತಂದುಕೊಂಡೆ. ಆದರೆ ಒಂದು ವ್ಯತ್ಯಾಸವುಂಟು. ತರಗತಿಯಲ್ಲಿ ಉತ್ತರ ಗೊತ್ತಿರುವವನು ಮೇಷ್ಟರು. ಇಲ್ಲಿ, ತನ್ನ ಉತ್ತರವನ್ನು ತಾನೇ ಅಡ್ಡಪ್ರಶ್ನೆಗೆ ಒಡ್ಡಬಲ್ಲವನು ವಿದ್ಯಾರ್ಥಿ. ವಯಸ್ಸು ಈ ಕೆಲಸಕ್ಕೆ ಅಡ್ಡಿಯಲ್ಲ. ವಯಸ್ಸಿನ ಜೊತೆಗೆ ಬೆಳೆದ ಬಿಂಕ ಅಡ್ಡಿ.

ಫಲಕವನ್ನು ತಿದ್ದಿಸುವುದು ಪ್ರಬಂಧ ಬರೆಯುವುದಕ್ಕಿಂತ ಕಠಿಣವಾಯಿತು. ಬಣ್ಣದ ಡಬ್ಬಿ ಹಿಡಿದು ನಿಂತಿದ್ದಾಗ, ನನ್ನ ಹಳೆಯ ಶಿಷ್ಯನೊಬ್ಬ ಮಗನ ಕೈಹಿಡಿದು ಬಂದು, “ಸಾರ್, ಹಾಗಾದ್ರೆ ನಾವು ಓದಿದ್ದು ತಪ್ಪಾ?” ಎಂದು ಕೇಳಿದ.

“ಹೌದಪ್ಪಾ, ತಪ್ಪು. ನನ್ನದೇ ತಪ್ಪು” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನನ್ನು ಕಲ್ಲಿನ ಬಳಿಗೆ ಕರೆದೊಯ್ದು, ಬಾಗಿ ಆ ಅಂಕಿಯನ್ನು ತೋರಿಸಿದ. ಹದಿನೆಂಟು ವರ್ಷ ನಮ್ಮೂರಿನವರು ಫಲಕವನ್ನು ಓದಿದ್ದರು. ಅಂದು ಇಬ್ಬರು ಕಲ್ಲನ್ನೇ ಓದಿದರು. ನನ್ನ ಪ್ರಬಂಧಕ್ಕೆ ಎಷ್ಟೇ ಅಂಕ ಬರಲಿ, ಅದರ ಫಲ ನನಗೆ ಅಂದೇ ದೊರೆಯಿತು.